ಮೀಸೆಗೆ ಜಾಗ ಬಿಟ್ಟ ಕೋಟೆ

ಜುಂಜೇಶ್ ಚಿತ್ರದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವ. ನೋಡಿಕೊಳ್ಳುವುದೆಂದರೆ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು, ನಡುವೆ ಪ್ರಿನ್ಸಿಪಾಲರ ಮನೆಯ ಟಿವಿ ಕೆಟ್ಟರೆ ಹೋಗಿ ಸರಿಮಾಡುವುದು. ಹನ್ನೊಂದು ವರ್ಷದ ಸೇವೆಯಲ್ಲಿ ಅವನಿಗೆ ಸಿಕ್ಕ ಬಡ್ತಿಯೆಂದರೆ ಪ್ಲಾಸ್ಟಿಕ್ ಕುರ್ಚಿ ಹೋಗಿ ಗಾಲಿ ಕುರ್ಚಿ ಬಂದದ್ದು. ಅದರಲ್ಲೂ ಒಂದು ಗಾಲಿ ಇರಲಿಲ್ಲ.

ಯಾರೂ ಹೇಳಿಕೊಡದೆ ಅವನು ವಿಡಿಯೊ ಗೇಮ್ ಕಟ್ಟುವ ಸಾಫ್ಟ್‌ವೇರ್ ಕಲಿತಿದ್ದ. ಭಾನುವಾರ ಕೋಟೆ ಹತ್ತಿ, ಕಲ್ಲು, ಬಾಗಿಲು, ಮೆಟ್ಟಿಲುಗಳ ಫೋಟೋ ತೆಗೆದು ತಂದು, ಲ್ಯಾಬಿನ ಹಳೆಯ ಕಂಪ್ಯೂಟರಿನೊಳಗೆ ಏಳು ಸುತ್ತಿನ ಕೋಟೆ ಎಬ್ಬಿಸುತ್ತಿದ್ದ. ಅದರ ಮೆಮೊರಿ ನಾಲ್ಕೇ ಜಿಬಿ. ಹೀಗಾಗಿ ತುಂಬ ಹಿಡಿತದಲ್ಲಿ ಕಟ್ಟಿದ್ದ. ಒಂದೇ ಕಲ್ಲನ್ನು ತಿರುಗಿಸಿ ಮುರುಗಿಸಿ ಇನ್ನೂರು ಕಡೆ ಕೂರಿಸಿದ್ದ. ಆನೆಗಳಿಗೆ ಆಟಗಾರನಿಗೆ ಕಾಣುವ ಮಗ್ಗುಲಿಗೆ ಮಾತ್ರ ಬಣ್ಣ.

ವಾರ್ಷಿಕೋತ್ಸವಕ್ಕೆ ಹತ್ತು ದಿನ ಇರುವಾಗ ಇದು ಪ್ರಿನ್ಸಿಪಾಲ್ ಮುರುಗೇಶಪ್ಪನವರ ಕಣ್ಣಿಗೆ ಬಿತ್ತು.

"ಏನ್ರೀ ಇದು! ನಮ್ ಕಾಲೇಜಲ್ಲಿ ಇಂಥಾದ್ದು ಐತೆ ಅಂತ ನನಗೇ ಗೊತ್ತಿಲ್ವಲ್ರೀ! ಅತಿಥಿಗಳಿಗೆ ಇದನ್ನೇ ತೋರ್ಸಾಣ."

ಅವರು ಕೋಟೆಯನ್ನೆಲ್ಲ ಸುತ್ತಿ ನೋಡಿದರು. ವಿದ್ವಾಂಸರಲ್ಲವೇ, ಇದ್ದ ಒಂದೇ ಒಂದು ಕೊರತೆಯನ್ನು ತಕ್ಷಣ ಕಂಡುಹಿಡಿದರು: ಅಷ್ಟು ದೊಡ್ಡ ಕೋಟೆಯಲ್ಲಿ ಅವರೇ ಇರಲಿಲ್ಲ.

ಮರುದಿನ ಏಳು ಬಾಗಿಲಿಗೆ ಏಳು ಫೋಟೋ ಬಂದವು. ನಿಂತದ್ದು, ಕುಂತದ್ದು, ಕೈಮುಗಿದದ್ದು, ಫೋನಿನಲ್ಲಿ ಯಾರಿಗೋ ಆಜ್ಞೆ ಕೊಡುತ್ತಿರುವುದು. ಎಲ್ಲವೂ ಸರ್ಕಲ್ಲಿನ ಫ್ಲೆಕ್ಸ್‌ಗೆಂದು ತೆಗೆಸಿದ ಭಾರೀ ಫೈಲುಗಳು. ಜುಂಜೇಶ್ ಅವನ್ನು ಬಾಗಿಲುಗಳಿಗೆ ಹಚ್ಚಿ ಕೋಟೆ ತೆರೆದ. ಕಂಪ್ಯೂಟರ್ ಫ್ಯಾನು ಒಮ್ಮೆ ಗುರ್ ಎಂದಿತು, ತೆರೆ ಗಕ್ಕನೆ ನಿಂತಿತು, ಸಾಫ್ಟ್‌ವೇರ್ ಮುಚ್ಚಿಕೊಂಡಿತು.

"ಮೆಮೊರಿ ಸಾಲ್ತಿಲ್ಲ ಸರ್," ಎಂದು ಹೋಗಿ ಹೇಳಿದ.

"ವಯಸ್ಸೆಷ್ಟ್ರೀ ನಿಮಗೆ? ಮೂವತ್ನಾಕಕ್ಕೇ ಹಿಂಗಾದ್ರೆ ಹೆಂಗೆ? ದಿನಾ ಒಂದೆಲಗ ತಿನ್ರಿ."

"ನನ್ದಲ್ಲ ಸರ್, ಕಂಪ್ಯೂಟರ್‌ದು."

ಕಂಪ್ಯೂಟರಿಗೆ ಒಂದೆಲಗ ತಿನ್ನಿಸುವ ಉಪಾಯ ಸಾಹೇಬರಿಗೂ ತಿಳಿದಿರಲಿಲ್ಲ. ಹೊಸ ಮೆಮೊರಿ ಹಾಕಿಸಲು ಆಡಳಿತ ಮಂಡಳಿಯ ಸಭೆ ಆಗಬೇಕು, ಸಭೆ ಮುಂದಿನ ತಿಂಗಳು. ಜುಂಜೇಶ್ ಫೋಟೋಗಳನ್ನು ಚಿಕ್ಕದು ಮಾಡಿ ಹಚ್ಚಿದ. ಕೋಟೆ ಸಲೀಸಾಗಿ ಓಡಿತು. ಮುರುಗೇಶಪ್ಪನವರು ತೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಮೀಸೆ ಮಸುಕಾಗೈತಲ್ರೀ. ಮೊದ್ಲಿಂದೇ ಹಾಕ್ರಿ. ಬೇಕಾದ್ರೆ ಆನೆ ತೆಗೀರಿ."

ಆನೆಗಳು ಹೋದವು. ಸಾಲಲಿಲ್ಲ. ಕುದುರೆ ಹೋದವು, ಸೈನಿಕರು ಹೋದರು, ಫಿರಂಗಿ ಹೋದವು. "ಗೋಡೆ ಏಳು ಸುತ್ತು ಯಾಕ್ರೀ? ಜನ ಒಂದನ್ನೇ ಸರಿಯಾಗಿ ನೋಡಲ್ಲ," ಎಂದ ಮೇಲೆ ಗೋಡೆಗಳೂ ಹೋದವು. ಎರಡು ವರ್ಷದ ಭಾನುವಾರಗಳನ್ನು ಜುಂಜೇಶ್ ಒಂದೊಂದಾಗಿ ಅಳಿಸಿದ. ಅಳಿಸುವ ಮೊದಲು ಪೂರ್ತಿ ಕೋಟೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ವಾರ್ಷಿಕೋತ್ಸವದ ದಿನ ದೊಡ್ಡ ಪರದೆಯ ಮೇಲೆ ಬಯಲು ಮೂಡಿತು. ಬಯಲಿನಲ್ಲಿ ಏಳು ಬಾಗಿಲು, ಬಾಗಿಲಿಗೊಬ್ಬರು ಮುರುಗೇಶಪ್ಪ. ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು.

ಮುಂದಿನ ಸಾಲಿನಲ್ಲಿದ್ದ ಕೊನೆ ವರ್ಷದ ಕೀರ್ತನಾ ಮುಗ್ಧವಾಗಿ ಕೇಳಿದಳು: "ಸರ್, ಕೋಟೆ ಎಲ್ಲೈತೆ?"

ಸಭೆ ಗೊಳ್ಳೆಂದಿತು. ಅತಿಥಿಗಳು ಮಾತ್ರ ಚಪ್ಪಾಳೆ ತಟ್ಟಿದರು. ಅವರಿಗೆ ಊಟಕ್ಕೆ ಹೊತ್ತಾಗಿತ್ತು. ತಾಂತ್ರಿಕ ಮಾರ್ಗದರ್ಶನಕ್ಕಾಗಿ ಪ್ರಿನ್ಸಿಪಾಲರಿಗೆ ಶಾಲು ಹೊದಿಸಲಾಯಿತು. ಜುಂಜೇಶನಿಗೆ ಪರದೆ ಮಡಚುವ ಕೆಲಸ ಸಿಕ್ಕಿತು. ಮಡಚುವಾಗ ಅವನಿಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ಎರಡನ್ನೂ ನುಂಗಿಕೊಂಡ.

ಮರುವಾರ ಅವನ ತಾಯಿ ಹುಚ್ಚಕ್ಕ ಕಣ್ಣು ತೋರಿಸಲು ಹಿರೇಗುಂಟನೂರಿನಿಂದ ಬಂದಿದ್ದಳು. ಅವಳ ತವರು ಕೋಟೆ ಗುಡ್ಡದ ಹಿಂದಿನ ಹಟ್ಟಿ. ಹುಡುಗಿಯಾಗಿದ್ದಾಗ ಅಲ್ಲೇ ಕುರಿ ಮೇಯಿಸಿದವಳು. ಜುಂಜೇಶ್ ಅವಳನ್ನು ಲ್ಯಾಬಿಗೆ ಕರೆತಂದು, ಗಾಲಿ ಕುರ್ಚಿಯನ್ನು ಗೋಡೆಗೆ ಒತ್ತರಿಸಿ ಕೂರಿಸಿ, ಪೆನ್‌ಡ್ರೈವಿನಿಂದ ಕೋಟೆ ತೆರೆದ. ಆನೆ, ಕುದುರೆ, ಏಳು ಸುತ್ತು ಗೋಡೆ, ಎಲ್ಲ ಬಂದವು. ಕಂಪ್ಯೂಟರ್ ತಕರಾರು ತೆಗೆಯಲಿಲ್ಲ.

ಹುಚ್ಚಕ್ಕ ಗೋಡೆ, ಬಾಗಿಲು, ಹೊಂಡ ಎಂದು ಒಂದೊಂದನ್ನೇ ನೋಡಿದಳು. ಆಮೇಲೆ ತೆರೆಯ ಮೇಲೆ ಬೆರಳಿಟ್ಟಳು.

"ಈ ಹೊಂಡದ ಮಗ್ಗುಲಿಗೆ ಒಂದು ಬಂಡೆ ಇತ್ತಲ್ಲಪ್ಪ. ನಾವು ಬುತ್ತಿ ಬಿಚ್ತಿದ್ದಿದ್ದು ಅದರ ಮ್ಯಾಲೇ."

ಜುಂಜೇಶ್ ಒಂದು ಬಂಡೆ ತಂದಿಟ್ಟ.

"ಅಲ್ಲಲ್ಲ, ಇನ್ನೊಂಚೂರು ಈ ಕಡೀಗೆ. ಅಲ್ಲಿ ಬಿಸ್ಲು ಬೀಳ್ತತೆ."

ಅವನು ಬಂಡೆಯನ್ನು ನೆರಳಿಗೆ ಸರಿಸಿದ.