ರೇಡಿಯೋಕ್ಕೊಂದು ತಗಡಿನ ಮನಿ

ಅತ್ತೆಯ ರೇಡಿಯೋ ಅವರ ಮದುವೆಯಲ್ಲಿ ತವರಿನಿಂದ ಬಂದದ್ದು. ಮಳೆ ಕೈಕೊಟ್ಟ ಎರಡನೇ ವರ್ಷ ಅದರ ಕಟ್ಟಿಗೆಯ ಪೆಟ್ಟಿಗೆಗೆ ಗೆದ್ದಲು ಹತ್ತಿ, ಮುಟ್ಟಿದರೆ ಪುಡಿಯಾಗಿ ಕೈಗೆ ಬಂತು. ಒಳಗಿನ ಯಂತ್ರ ಮಾತ್ರ ಗಟ್ಟಿ. ಹಳೆ ರೇಡಿಯೋ ಬಿಚ್ಚಿ ಜೋಡಿಸುವ ಚಟ ನನಗೆ ಮೊದಲಿನಿಂದಲೂ ಇತ್ತು. "ಅತ್ತಿ, ಇದಕ್ಕ ನಾನು ತಗಡಿನ ಪೆಟ್ಟಿಗಿ ಮಾಡಿಸ್ತೇನಿ" ಎಂದೆ.

"ರೇಡಿಯೋಕ್ಕ ಟ್ರಂಕಾ? ಅದೂ ಹೈದ್ರಾಬಾದಿಗಿ ದುಡಿಲಿಕ್ಕ ಹೊಂಟದೇನು?" ಎಂದರು ಅತ್ತೆ.

ನಾನು ಔರಾದದ ಸಾಲೆಯಲ್ಲಿ ಗಣಿತ ಟೀಚರ್. ಮನೆ ಭಾಲ್ಕಿಯಲ್ಲಿ, ಬಸ್ಸು ಬದಲಿಸುವುದು ಬೀದರಿನಲ್ಲಿ. ನಮ್ಮ ಸಾಲೆಯ ಕಂಪ್ಯೂಟರ್ ಮಾಸ್ತರರು ನಕ್ಷೆ ಬಿಡಿಸುವ ಕ್ಯಾಡ್ ಎಂಬ ಸಾಫ್ಟ್‌ವೇರನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು, "ಇದ್ರಾಗ ತಗಡು ಮಡಚಬಹುದ್ರಿ ಮೇಡಂ" ಎಂದಷ್ಟೇ ಹೇಳಿ ಜಾರಿಕೊಂಡರು. ವಿಡಿಯೋ ನೋಡಿ ಕಲಿಯಲು ಕೂತೆ. ಕಲಿಸುವವನು ಬಸ್ಸು ತಪ್ಪಿಸಿಕೊಂಡವನ ಹಾಗೆ ಮಾತಾಡುತ್ತಿದ್ದ. ಅವನು ಒಂದು ಸಲ ಒತ್ತಿದರೆ ತಗಡು ಮಡಚಿಕೊಳ್ಳುತ್ತಿತ್ತು. ನಾನು ಒತ್ತಿದರೆ ಮಾಯವಾಗುತ್ತಿತ್ತು. ಎರಡು ವಾರ ಹೀಗೇ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಪರದೆಯ ಮೇಲೆ ಪೆಟ್ಟಿಗೆ ಎದ್ದು ನಿಂತು ಗಿರ್ರನೆ ತಿರುಗಿದಾಗ ನಾನು ಕೂಗಿದ ಕೂಗಿಗೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ನೋಡಿ, "ಚೆಂದ ಅದ. ಇದನ್ನ ಹೊರಗ ಹ್ಯಾಂಗ ತೆಗಿತಿ?" ಎಂದು ಕೇಳಿದರು.

ಪೆಟ್ಟಿಗೆಯನ್ನು ಬಿಚ್ಚಿ ಹಾಸಿದರೆ ಹ್ಯಾಗೆ ಕಾಣುತ್ತದೋ ಆ ನಕ್ಷೆಯನ್ನು ಒಂದು ಹಾಳೆಯಲ್ಲಿ ಛಾಪಿಸಿಕೊಂಡು, ಬೀದರಿನ ಗಾಂಧಿ ಗಂಜಿನ ಹತ್ತಿರದ ತಗಡಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾನ ಇಬ್ಬರು ಕೆಲಸಗಾರರು ಹೈದರಾಬಾದಿಗೆ ಹೋಗಿದ್ದರು. ಊರು ಬಿಟ್ಟು ಹೊರಟವರಿಗೆಲ್ಲ ಟ್ರಂಕು ಬೇಕು, ಊರಲ್ಲಿ ಉಳಿದವರಿಗೆ ನೀರಿನ ಡ್ರಮ್ಮು ಬೇಕು. ಚಾಚಾ ಒಬ್ಬನೇ ಎರಡೂ ಬಡಿಯುತ್ತಿದ್ದ. ಟ್ರಂಕಿಗಾಗಿ ಕಾದಿದ್ದ ಚಿಂತಾಕಿಯ ಹೆಣ್ಣುಮಗಳೊಬ್ಬಳು ನನ್ನ ಹಾಳೆ ನೋಡಿ, "ಅಕ್ಕೋರೆ, ಕುಬುಸದ ಕಟಿಂಗ್ ಏನ್ರಿ?" ಎಂದು ಕೇಳಿದಳು. ನನ್ನ ಎರಡು ವಾರದ ವಿದ್ಯೆ ಕುಬುಸವಾಗಿದ್ದು ಕಂಡು ಸ್ವಲ್ಪ ಮುಖ ಸಣ್ಣಗಾಯಿತು.

"ನಕ್ಷಾದಾಗ ಎಲ್ಲಾ ಬರ್ದೇನಿ ಚಾಚಾ. ಹಾಂಗೇ ಮಾಡ್ರಿ" ಎಂದು ಹೇಳಿ ಬಸ್ಸು ಹತ್ತಿದೆ.

ನಾಲ್ಕು ದಿನಕ್ಕೆ ಹೋದಾಗ ಚಾಚಾ ಹೆಮ್ಮೆಯಿಂದ ಅಂಗೈ ಮೇಲೆ ಪೆಟ್ಟಿಗೆ ಇಟ್ಟು ತೋರಿಸಿದ. ಹೌದು, ಅಂಗೈ ಮೇಲೆ. ಹದಿನಾಲ್ಕು ಇಂಚು ಇರಬೇಕಾದದ್ದು ಏಳು ಇಂಚು ಇತ್ತು! ಮೂಲೆಗಳು ಸರಿ, ಸ್ಪೀಕರಿನ ತೂತುಗಳು ಸರಿ, ಗುಂಡಿಗಳ ಜಾಗ ಸರಿ. ಪ್ರಿಂಟರು ನನ್ನ ನಕ್ಷೆಯನ್ನು ಹಾಳೆಗೆ ಹಿಡಿಯುವಷ್ಟು ಕುಗ್ಗಿಸಿತ್ತು. ಚಾಚಾ ಅಂಕಿ ಓದುವ ಗೋಜಿಗೆ ಹೋಗದೆ ಹಾಳೆಯನ್ನೇ ತಗಡಿಗೆ ಅಂಟಿಸಿ ಕತ್ತರಿಸಿದ್ದ.

"ಕೂದಲೆಳಿ ಫರಕ್ ಇಲ್ಲ ನೋಡ್ರಿ ಟೀಚರಮ್ಮ," ಎಂದ. "ಎಲಿ‌ಅಡಕಿ ಡಬ್ಬಿ ಅಲ್ಲೇನ್ರಿ? ಎಲಿಗಿ ಗಾಳಿ ಆಡ್ಲಿಕ್ಕ ತೂತು ಇಟ್ಟೀರಿ, ಭಾರಿ ತಲಿ!"

ಆ ಮುಖ ನೋಡಿ ಅಲ್ಲ ಎನ್ನಲು ಮನಸ್ಸಾಗಲಿಲ್ಲ. "ಹೌದ್ರಿ ಚಾಚಾ. ಈಗ ಇದರ ದುಪ್ಪಟ್ಟು ಇನ್ನೊಂದು ಬೇಕು" ಎಂದೆ. ಡಬ್ಬಿಯನ್ನು ಅತ್ತೆ ಕಂಡ ಕೂಡಲೇ ಕಿತ್ತುಕೊಂಡರು.

ಎರಡನೇ ಸಲ ನಾಲ್ಕು ಹಾಳೆ ಜೋಡಿಸಿ, ಪಟ್ಟಿ ಹಿಡಿದು ಅಳೆದು ಒಯ್ದೆ. ಚಾಚಾ ಕತ್ತರಿ ಎತ್ತಿದವನು ಕೆಳಗಿಟ್ಟ. "ಮಡಚಿದ್ರ ತಗಡು ಬೆಳೀತದರಿ. ಅದು ಹಿಡ್ದೀರೇನು?"

"ತಗಡು ಹ್ಯಾಂಗ ಬೆಳೀತದ ಚಾಚಾ? ಐದು ಮತ್ತ ಐದು ಹತ್ತೇ ಅಲ್ಲೇನು?" ಎಂದೆ, ಗಣಿತದ ಟೀಚರ್ ಆಗಿ.

ಅವನು ಹತ್ತು ಸೆಂಟಿಮೀಟರಿನ ಒಂದು ಚೂರು ಕತ್ತರಿಸಿ, ನಡುವೆ ಮೂಲೆಯಂತೆ ಮಡಚಿ ನನ್ನ ಕೈಗಿತ್ತ. ಎರಡೂ ಮಗ್ಗಲು ಹೊರಗಿನಿಂದ ಅಳೆದು ಕೂಡಿಸಿದೆ. ಹತ್ತರ ಮೇಲೆ ಇನ್ನೂ ಒಂದು ಮಿಲಿಮೀಟರಿಗಿಂತ ಹೆಚ್ಚು ಬಂತು. ಮತ್ತೆ ಅಳೆದೆ. ಮತ್ತೂ ಹಾಗೇ. ಮಡಿಕೆಯಲ್ಲಿ ತಗಡು ಹಿಗ್ಗುತ್ತದೆ, ಮೂಲೆಯನ್ನು ಅಡ್ಡದಾರಿಯಲ್ಲಿ ದಾಟುತ್ತದೆ. ವಿಡಿಯೋದವನು ಇದನ್ನೇ ಅಷ್ಟು ಸಲ ಹೇಳಿದ್ದ, ನಾನು ಅದನ್ನು ಹಾರಿಸಿಕೊಂಡು ಮುಂದೆ ಹೋಗಿದ್ದೆ. ಆ ಚೂರಿನ ಅಳತೆಯನ್ನು ಸಾಫ್ಟ್‌ವೇರಿಗೆ ಉಣಿಸಿದೆ. ಮರುವಾರ ಅದು ಕೊಟ್ಟ ಗೆರೆಯೂ ಚಾಚಾ ಹೆಬ್ಬೆರಳು ಇಟ್ಟು ಎಳೆದ ಗೆರೆಯೂ ಒಂದರ ಮೇಲೊಂದು ಕೂತವು. ಚಾಚಾ ಬಗ್ಗಿ ನೋಡಿ, "ನಿಮ್ಮ ಕಂಪ್ಯೂಟರ್ ಭೀ ಯಾವನೋ ಉಸ್ತಾದನ ಕಡೆ ಕಲ್ತಾದ" ಎಂದ.

ಪೆಟ್ಟಿಗೆ ಬಂತು, ಹಸಿರು ಬಣ್ಣ ಹೊಡೆಸಿದೆ. ಯಂತ್ರ ಒಳಗೆ ಸರಾಗ ಕೂತಿತು. ಸ್ಕ್ರೂ ಬಿಗಿದು ಹಿಂದಿನ ಮುಚ್ಚಳ ಹಾಕಿದ ಮೇಲೆ ಕರೆಂಟಿನ ವಾಯರು ನನ್ನ ಕೈಯಲ್ಲೇ ಉಳಿಯಿತು. ಅದಕ್ಕೆ ತೂತೇ ಇಟ್ಟಿರಲಿಲ್ಲ. ಮತ್ತೆ ಬೀದರ್, ಮತ್ತೆ ಚಾಚಾ. ಈ ಸಲ ಅವನು ನಕ್ಷೆ ಕೇಳಲಿಲ್ಲ, ಡ್ರಿಲ್ ಎತ್ತಿಕೊಂಡ.

ಕೊನೆಗೂ ರೇಡಿಯೋ ಹಚ್ಚಿದೆವು. ವಾರ್ತೆ ಓದುವವಳು ಹಂಡೆಯೊಳಗೆ ಕೂತು ಮಾತಾಡಿದಂತೆ ಕೇಳಿಸಿತು. ಅತ್ತೆ ಹಳೆ ಕೌದಿಯ ಎರಡು ತುಂಡು ಕೊಟ್ಟರು. ಒಳಗೆ ಅಂಟಿಸಿದೆ, ದನಿ ಸುಧಾರಿಸಿತು. ನಮ್ಮ ಜಿಲ್ಲೆಯಲ್ಲಿ ಮೋಡ ಕವಿದ ವಾತಾವರಣ ಎಂದು ಅವಳು ಓದಿದಾಗ ಅತ್ತೆ ಎದ್ದು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿ ಬಂದರು.

"ಪೆಟ್ಟಿಗಿ ಛಲೋ ಆಗ್ಯಾದ," ಎಂದರು. "ಒಳಗಿನಾಕಿನೇ ಸುಳ್ಳು ಹೇಳ್ಲತಾಳ."