ಎಡಗಿವಿಯ ಗ್ರೊಮೆಟ್

೧೯೮೪ರ ಆಗಸ್ಟಿನಲ್ಲಿ, ಬಲ್ಮಠದ ಒಂದು ಆಸ್ಪತ್ರೆಯಲ್ಲಿ, ಆರು ವರ್ಷದ ನಮ್ಮ ಮಗಳ ಎರಡೂ ಕಿವಿಗಳಿಗೆ ಗ್ರೊಮೆಟ್ ಹಾಕಿದರು. ಅದು ಕಿವಿಯ ತಮಟೆಯಲ್ಲಿ ಕೂರಿಸುವ, ಸಾಸಿವೆ ಕಾಳಿನಷ್ಟು ಸಣ್ಣ ಕೊಳವೆ. ತಮಟೆಯ ಹಿಂದೆ ಗೋಂದಿನಂಥ ದ್ರವ ಕಟ್ಟಿಕೊಂಡು ಅವಳಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಅದನ್ನು ಹಟವೆಂದು ತಿಳಿದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು.

ವಾಮಂಜೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಊದಿದ ಸೀಟಿಯ ಸದ್ದಿಗೆ ಬೆಚ್ಚಿ ಅವಳು ಕಿವಿ ಮುಚ್ಚಿಕೊಂಡಳು. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಕೊಳವೆ ಕೆಲವು ತಿಂಗಳಲ್ಲಿ ತಾನಾಗಿ ಬಿದ್ದುಹೋಗುತ್ತದೆ, ಕೆಲವರಿಗೆ ಕೀವು ಬರುವುದುಂಟು, ಅಪರೂಪಕ್ಕೆ ತೂತು ಮುಚ್ಚದೆ ಉಳಿಯುವುದೂ ಉಂಟು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಕೊಳವೆ ಬೀಳುವವರೆಗೆ ಕಿವಿಗೆ ನೀರು ಹೋಗಬಾರದು. ಈ ಮಾತನ್ನು ನನ್ನ ಅಮ್ಮನಿಗೆ ಎಷ್ಟು ಸಲ ಹೇಳಿದೆವೆಂದರೆ ಅವರಿಗೆ ಸಿಟ್ಟು ಬಂದಿತ್ತು.

ದೀಪಾವಳಿಯ ಬೆಳಿಗ್ಗೆ ನಾನು ಕೆಲಸದಲ್ಲಿದ್ದೆ. ಬಚ್ಚಲಲ್ಲಿ ಅಮ್ಮ ತೆಂಗಿನೆಣ್ಣೆ ಬಿಸಿಮಾಡಿ ಮೊದಲು ಮೊಮ್ಮಗಳ ಕಿವಿಗೆ ಬಿಟ್ಟು, ಹತ್ತಿ ಒತ್ತಿ, ಆಮೇಲೆ ತಲೆಗೆ ನೀರು ಹೊಯ್ದರು. ನಮ್ಮಲ್ಲಿ ಮಕ್ಕಳನ್ನು ಮೀಯಿಸುವುದು ಹಾಗೆಯೇ. ವಾರ ಕಳೆಯುವುದರೊಳಗೆ ದಿಂಬು ಒದ್ದೆಯಾಗಿ ವಾಸನೆ ಬರತೊಡಗಿತು.

"ಎಂತ ಹಾಕಿದ್ರಿ ಕಿವಿಗೆ?" ಎಂದರು ಡಾಕ್ಟರು.

ಉತ್ತರ ಕೊಟ್ಟದ್ದು ಅಮ್ಮ. "ನೀರು ಹೋಗಬಾರದು ಅಂತ ನೀವೇ ಹೇಳಿದ್ದಲ್ವಾ? ಅದಕ್ಕೇ ಎಣ್ಣೆ ಬಿಟ್ಟದ್ದು. ಎಣ್ಣೆ ಇದ್ದಲ್ಲಿಗೆ ನೀರು ಹೇಗೆ ಹೋಗ್ತದೆ?"

ಡಾಕ್ಟರು ಟಾರ್ಚ್ ಕೆಳಗಿಟ್ಟರು. "ಎಣ್ಣೆಯ ವಿಷಯ ನಾನು ಹೇಳಲಿಲ್ಲ," ಎಂದಷ್ಟೇ ಹೇಳಿ ಹತ್ತಿಗೆ ಕೈ ಚಾಚಿದರು.

ಆಮೇಲೆ ಬಸ್ಸು, ಸರದಿ, ತೊಟ್ಟು ಮದ್ದು, ಮತ್ತೆ ಬಸ್ಸು. ಮಗಳು ಅಳುವುದನ್ನು ಬಿಟ್ಟಳು. ಹೇಳುವ ಮೊದಲೇ ತಲೆ ವಾಲಿಸುತ್ತಿದ್ದಳು. ಬಲಗಿವಿಯ ಕೊಳವೆ ಮುಂದಿನ ಮಳೆಗಾಲದ ಹೊತ್ತಿಗೆ ತಾನಾಗಿ ಬಿದ್ದು ತೂತು ಮುಚ್ಚಿತು. ಎಡಗಿವಿಯಲ್ಲಿ ಕೀವು ನಿಲ್ಲದೆ ಕೊಳವೆಯನ್ನು ತೆಗೆಯಬೇಕಾಯಿತು. ತೂತು ಹಾಗೇ ಉಳಿಯಿತು. ಶೀತವಾದಾಗಲೆಲ್ಲ ಸೋರುತ್ತಿತ್ತು. ಅಮ್ಮ ಮತ್ತೆ ಅವಳನ್ನು ಮೀಯಿಸಲಿಲ್ಲ. ಏನಾದರೂ ಹೇಳಬೇಕಿದ್ದರೆ ಸುತ್ತು ಬಂದು ಅವಳ ಬಲಗಡೆ ನಿಲ್ಲುತ್ತಿದ್ದರು.

೧೯೮೯ರ ಮೇ ತಿಂಗಳಲ್ಲಿ ಪರೀಕ್ಷೆ ಮಾಡಿದಾಗ ಎಡಗಿವಿಗೆ ಕೇಳುವುದು ಇನ್ನಷ್ಟು ಕಡಿಮೆಯಾಗಿತ್ತು. ಮಳೆಗಾಲ ಪೂರ್ತಿ ಕಿವಿ ಒಣಗಿದ್ದರೆ ಕ್ರಿಸ್ಮಸ್ ರಜೆಯಲ್ಲಿ ತಮಟೆಗೆ ತೇಪೆ ಹಾಕುವುದೆಂದು ತೀರ್ಮಾನವಾಯಿತು.

ಜುಲೈಯಲ್ಲಿ ಮತ್ತೆ ಕೀವು ಬಂತು.