ಸೌಟಕ್ಕನ ಒಲೆಯ ಎತ್ತರ

ಸೌಟಕ್ಕನಿಗೆ ಆ ಹೆಸರು ಬಂದದ್ದು ಟೈರು ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಮೂರು ಪಾಳಿಯ ಕೆಲಸಗಾರರಿಗೂ ಬೇಯಿಸಿ ಹಾಕುವ ಆ ಅಡುಗೆಮನೆಗೆ ಅವಳೇ ಯಜಮಾನಿ. ಯಾರಾದರೂ ಸಾಲು ಮುರಿದು ಮುಂದೆ ನುಗ್ಗಿದರೆ ಬಾಯಿ ಬಿಡುತ್ತಿರಲಿಲ್ಲ, ಸೌಟನ್ನು ಅವರ ತಟ್ಟೆಯ ಮೇಲೆ ಅಡ್ಡ ಹಿಡಿಯುತ್ತಿದ್ದಳು. ಮ್ಯಾನೇಜರ್ ಆದರೂ ಹಿಂದೆ ಹೋಗಿ ನಿಲ್ಲಬೇಕಿತ್ತು. ಒಂದು ದಿನ ಸಾಮಾನು ತಂದ ಲಾರಿ ಹಿಂದಕ್ಕೆ ಬರುವಾಗ ಅವಳನ್ನು ಗೋಡೆಗೆ ಒತ್ತಿತು. ಜೀವ ಉಳಿಯಿತು. ಸೊಂಟದ ಕೆಳಗೆ ಮಾತ್ರ ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಗಾಲಿಕುರ್ಚಿಯಲ್ಲಿ ಮನೆಗೆ ಬಂದಾಗ ಅಡುಗೆಕಟ್ಟೆ ಅವಳ ಗದ್ದದ ಮಟ್ಟಕ್ಕಿತ್ತು. ಒಲೆಯ ಮೇಲಿನ ಬಾಣಲೆಯ ಹೊರಮೈ ಕಾಣುತ್ತಿತ್ತು, ಒಳಗೇನು ಬೇಯುತ್ತಿದೆಯೋ ಕಾಣುತ್ತಿರಲಿಲ್ಲ. ಮಗಳು ಪ್ರೀತಿಯಿಂದಲೇ ಒಂದು ಕಟ್ಟು ಸೊಪ್ಪು ತಂದು ತೊಡೆಯ ಮೇಲಿಟ್ಟಳು. ವರ್ಷವಿಡೀ ಸೌಟಕ್ಕ ಸೊಪ್ಪು ಬಿಡಿಸಿದಳು. ಆಮೇಲೆ ಒಂದು ಬೆಳಿಗ್ಗೆ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಹಿತ್ತಲಲ್ಲಿ ಕೆಂಡದ ಮೇಲೆ ಜಾಲರಿ ಇಟ್ಟು ಸುಡುವ ಬಾರ್ಬೆಕ್ಯೂ ಒಲೆ ಕಟ್ಟಿಸುತ್ತೇನೆ ಎಂದಳು.

ಅಳಿಯ ಒಳ್ಳೆಯವನು. "ಅದಕ್ಕೇನಂತೆ ಅತ್ತೆ, ಅಂಗಡೀಲಿ ಕಬ್ಬಿಣದ್ದೇ ಸಿಗುತ್ತೆ. ನಾನು ಸುಡ್ತೀನಿ, ನೀವು ಪಕ್ಕದಲ್ಲಿ ಕೂತು ಹೇಳಿ."

"ಕೂತು ಹೇಳೋಕೆ ರೇಡಿಯೋ ಇದೆಯಲ್ಲಪ್ಪ. ನಾನು ಕೂತು ಸುಡೋಳು."

ಮಗಳ ಮುಖ ಸಣ್ಣಗಾಯಿತು. "ಅಮ್ಮಾ, ಕಾಲ ಮೇಲೆ ಕೆಂಡ ಬಿದ್ರೂ ನಿಂಗೆ ಗೊತ್ತಾಗಲ್ಲ. ವಾಸನೆ ಬಂದ್ಮೇಲೇ ಗೊತ್ತಾಗೋದು."

ಅದು ನಿಜವಾದ ಮಾತು. ಸೌಟಕ್ಕ ಅದಕ್ಕೆ ಉತ್ತರವನ್ನು ಕಟ್ಟಿಸಲು ಹೊರಟಳು.

ನಕ್ಷೆ ಬರೆಯಲು ಅವಳಿಗೆ ಕಾಗದ ಬೇಕಾಗಲಿಲ್ಲ. ಹಿತ್ತಲಿನ ನೆಲ ಗುಡಿಸಿಸಿ, ಒಂದು ಮೂಲೆಯಲ್ಲಿ ಸುಣ್ಣದ ಪುಡಿ ಚೆಲ್ಲಿಸಿ, ಅದರ ಮೇಲೆ ಕುರ್ಚಿ ಉರುಳಿಸಿಕೊಂಡು ಬಂದಳು. ಮುಂದೆ ಹೋದಳು, ಹಿಂದೆ ಬಂದಳು, ಇದ್ದಲ್ಲೇ ಒಂದು ಸುತ್ತು ತಿರುಗಿದಳು. ಗಾಲಿಗಳು ಬಿಟ್ಟ ಬಿಳಿ ಗೆರೆಗಳೇ ನಕ್ಷೆಯಾದವು. ಸುತ್ತು ತಿರುಗಿದ ಜಾಗಕ್ಕೆಲ್ಲ ಗಾಲಿ ಜಾರದ ಒರಟು ಸಿಮೆಂಟು. ಒಲೆ ಎದುರಿಗೆ ಬೇಡ, ಬಲಪಕ್ಕಕ್ಕೆ ಬರಲಿ. ಆಗ ತೊಡೆ ಬೆಂಕಿಯ ಕೆಳಗೆ ಬರುವುದಿಲ್ಲ. ಕೆಂಡ ಹಾರದಂತೆ ಅಂಚಿಗೆ ಒಂದು ಸಾಲು ಇಟ್ಟಿಗೆ ಎದ್ದು ನಿಲ್ಲಲಿ. ಜಾಲರಿ ಅವಳ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಲಿ, ಅದನ್ನು ಏರಿಸಿ ಇಳಿಸಲು ಬಾವಿಯ ರಾಟೆಯಂಥದ್ದು, ಸರಪಳಿ ಸಮೇತ. ತೊಡೆಯ ಮೇಲೆ ಹಾಸಲು ದಪ್ಪ ಚರ್ಮದ ಹೊದಿಕೆಯನ್ನು ಚಪ್ಪಲಿ ಹೊಲಿಯುವವನಿಂದ ಹೊಲಿಸಿಕೊಂಡಳು.

ಒಲೆ ಕಟ್ಟಲು ಬಂದ ಮೇಸ್ತ್ರಿ ಎಲ್ಲಕ್ಕೂ ತಲೆಯಾಡಿಸಿದ. ತಲೆಯಾಡಿಸಿದವರೆಲ್ಲ ಒಪ್ಪಿದ್ದಾರೆ ಎಂದುಕೊಂಡರೆ ಅದು ನಮ್ಮ ತಪ್ಪು.

ಒಂದು ಮಧ್ಯಾಹ್ನ ಅವಳು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಬೆಳೆದಿತ್ತು. ಪಕ್ಕಕ್ಕೆ ಕುರ್ಚಿ ತಂದು ನಿಲ್ಲಿಸಿದಳು. ಮತ್ತೆ ಗದ್ದದ ಮಟ್ಟ.

"ಇದೇನಪ್ಪ ಮೇಸ್ತ್ರಿ?"

"ಅಕ್ಕಾ, ಅಷ್ಟು ಗಿಡ್ಡ ಯಾರೂ ಕಟ್ಟಲ್ಲ. ನೋಡಿದೋರು, ಇವನಿಗೆ ಇಟ್ಟಿಗೆ ಸಾಲ್ದೆ ಹೋಯ್ತಾ ಅಂತ ನಗ್ತಾರೆ. ಅಳಿಯಂದಿರೂ ಅದನ್ನೇ ಹೇಳಿದ್ರು..." ಮೇಸ್ತ್ರಿ ಕರಣೆಯನ್ನು ಒರೆಸಿದ್ದನ್ನೇ ಒರೆಸುತ್ತ ನಿಂತ.

ಅಳಿಯ ಬಾಗಿಲಲ್ಲಿದ್ದ. "ಎಲ್ಲರಿಗೂ ಅನುಕೂಲ ಆಗ್ಲಿ ಅಂತ ಅತ್ತೆ. ನಾವೂ ನಿಂತು ಮಾಡ್ಬೇಕಲ್ಲ. ನಿಮಗೆ ಸುಮ್ನೆ ಯಾಕೆ ಅಪಾಯ?"

"ಅಡುಗೆಮನೆ ಒಲೆ ನಿಂತೋರ್ದು. ಸಿಂಕು ನಿಂತೋರ್ದು. ಕಿಟಕಿ ಚಿಲಕ, ಬಟ್ಟೆ ಒಣಗಿಸೋ ತಂತಿ, ಎಲ್ಲಾ ನಿಂತೋರ್ದೇ. ನಾನು ಯಾವತ್ತಾದ್ರೂ ತಕರಾರು ಮಾಡಿದ್ನಾ? ಇದೊಂದು ನಂದು."

ಗಾರೆ ಇನ್ನೂ ಹಸಿಯಾಗಿತ್ತು. ಅವಳು ಕುರ್ಚಿಯ ಬ್ರೇಕು ಹಾಕಿ, ಎರಡೂ ಕೈ ಮೇಲೆತ್ತಿ, ಮೊದಲ ಇಟ್ಟಿಗೆಯನ್ನು ಅಲುಗಾಡಿಸಿ ಕಿತ್ತಳು. ಇನ್ನೊಂದು. ಮತ್ತೊಂದು. ಮೇಸ್ತ್ರಿ "ಬಿಡಿ ಅಕ್ಕಾ, ನಾನೇ ತೆಗೀತೀನಿ" ಎಂದು ಮುಂದೆ ಬಂದ. ಅವಳು ಅವನ ಕೈಯನ್ನು ಸರಿಸಿದಳು. ಗಾರೆಯ ನೀರು ತೋಳಿನುದ್ದ ಇಳಿದು ಸೀರೆ ನೆನೆಯಿತು. ಮಗಳು ಒಳಗಿಂದ ಓಡಿ ಬಂದು, "ಕೈ ಕುಯ್ಕೊಳ್ತೀಯ, ಹಠಮಾರಿ!" ಎಂದು ಬಯ್ಯುತ್ತಲೇ ಕಿತ್ತ ಇಟ್ಟಿಗೆಗಳನ್ನು ಇಸಕೊಂಡು ಪೇರಿಸತೊಡಗಿದಳು. ಬೈಗುಳವೂ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಹೆಚ್ಚಿಗೆ ಏರಿಸಿದ್ದ ಸಾಲುಗಳೆಲ್ಲ ನೆಲಕ್ಕೆ ಬಂದ ಮೇಲೆ ಸೌಟಕ್ಕ ಮಟ್ಟ ನೋಡುವ ರಸಮಟ್ಟ ತರಿಸಿ ಗೋಡೆಯ ಮೇಲಿಟ್ಟು, ಅದರೊಳಗಿನ ಗುಳ್ಳೆ ನಡುವೆ ನಿಂತದ್ದನ್ನು ನೋಡಿದಳು. "ಹೂಂ, ಇಲ್ಲಿಂದ ಶುರು ಮಾಡು," ಎಂದಳು.

ಒಲೆ ಮುಗಿಯಿತು. ಮೊದಲ ಸಲ ಬೆಂಕಿ ಹಾಕಿದ ದಿನ ಮಾತ್ರ ಅವಳ ಲೆಕ್ಕ ಕೈಕೊಟ್ಟಿತು. ಹೊಗೆಯೆಲ್ಲ ನೆಟ್ಟಗೆ ಅವಳ ಮೂಗಿಗೇ ಬಂತು. ಕೆಮ್ಮಿದಳು, ಕಣ್ಣಲ್ಲಿ ನೀರು ಸುರಿಯಿತು, ಕುರ್ಚಿಯನ್ನು ಹಿಂದೆ ಸರಿಸಬೇಕಾಯಿತು. ಜಾಲರಿಗೆ, ಅಂಚಿಗೆ, ನೆಲಕ್ಕೆ, ಎಲ್ಲಕ್ಕೂ ಕೂತ ಅಳತೆ ಹಿಡಿದಿದ್ದಳು. ಹೊಗೆಯನ್ನು ನೆನೆಯುವಾಗ ಮಾತ್ರ ಮನಸ್ಸಿನೊಳಗೆ ಇನ್ನೂ ನಿಂತೇ ಇದ್ದಳು. ನಿಂತಿದ್ದಾಗಿನ ಆ ಮುಖದ ಎತ್ತರಕ್ಕೆ ಹೊಗೆ ತಲುಪುವಷ್ಟರಲ್ಲಿ ಗಾಳಿ ಅದನ್ನು ಒಯ್ಯುತ್ತಿತ್ತು, ನಿಜ. ಆದರೆ ಮುಖ ಈಗ ಅಲ್ಲಿರಲಿಲ್ಲ. ಆ ತಪ್ಪು ಅವಳಿಗೆ ಹೊಳೆದಾಗ ಹೊಗೆಗಿಂತ ಹೆಚ್ಚು ಉರಿಯಿತು.

"ನೋಡಿದ್ರಾ ಅತ್ತೆ," ಎಂದ ಅಳಿಯ, ಮೆತ್ತಗೆ. "ಅದಕ್ಕೇ ಹೇಳಿದ್ದು. ನೀವು ಆ ಕಡೆ ನೆರಳಲ್ಲಿ ಕೂತ್ಕೊಳ್ಳಿ."

"ಹೊಗೆಗೆ ದಾರಿ ಇಲ್ಲ ಅಂದ್ರೆ ಹೊಗೆಗೆ ದಾರಿ ಮಾಡಿ," ಸೌಟಕ್ಕ ಕೆಮ್ಮಿನ ನಡುವೆಯೇ ಹೇಳಿದಳು. "ನನ್ನನ್ಯಾಕೆ ದಾರಿಯಿಂದ ತೆಗೀತೀರ?"

ಮೇಸ್ತ್ರಿ ತಲೆ ಕೆರೆದುಕೊಂಡು ಹೋದವನು ಮರುದಿನ ಒಂದು ಹಳೆಯ ತಗಡಿನ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ ಹೊತ್ತು ತಂದ. ಅರ್ಧ ಡ್ರಮ್ಮನ್ನು ಒಲೆಯ ಹಿಂಗೋಡೆಗೆ ಮುಸುಕಿನಂತೆ ಕವುಚಿ ಹಾಕಿ, ಮೇಲೊಂದು ಕೊಳವೆ ನಿಲ್ಲಿಸಿದ. ಹೊಗೆ ಮುಸುಕಿನೊಳಗೆ ನುಸುಳಿ ಮನೆಯ ಮಾಡಿಗಿಂತ ಮೇಲೆ ಎದ್ದಿತು. "ಇಂಥದ್ದು ಇನ್ನೆಲ್ಲೂ ಇಲ್ಲ ಅಕ್ಕಾ. ಯಾರು ಕಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಸ್ರು ಹೇಳಿ," ಎಂದ.

ಭಾನುವಾರ ಕ್ಯಾಂಟೀನಿನ ಹಳಬರು ಐದಾರು ಜನ ಬಂದರು. ಸೌಟಕ್ಕ ಚರ್ಮದ ಹೊದಿಕೆ ಹಾಸಿಕೊಂಡು, ಬ್ರೇಕು ಹಾಕಿ, ರಾಟೆ ತಿರುಗಿಸಿ ಜಾಲರಿ ಇಳಿಸಿದಳು. ಮೀನು, ಜೋಳದ ತೆನೆ, ದಪ್ಪ ಮೆಣಸಿನಕಾಯಿ. ಕೊಬ್ಬು ತೊಟ್ಟಿಕ್ಕಿ ಚುರ್ರೆಂದಾಗ ಒಂದು ಕಿಡಿ ಅಂಚನ್ನೂ ದಾಟಿ ತೊಡೆಯ ಮೇಲೆ ಬಿತ್ತು. ಮಗಳು ಕುಳಿತಲ್ಲಿಂದ ಚಂಗನೆ ಎದ್ದಳು. ಸೌಟಕ್ಕ ಇಕ್ಕಳದ ತುದಿಯಿಂದ ಅದನ್ನು ನೆಲಕ್ಕೆ ತಳ್ಳಿ, ಮೀನು ಮಗುಚಿದಳು. ಮಗಳು ತಟ್ಟೆ ತರಲು ಒಳಗೆ ಹೋದಳು.

ಅಳಿಯ ಒಲೆಯ ಮೇಲೆ ಬಗ್ಗಿ ನೋಡುತ್ತ ನಿಂತು ನಿಂತು ಸೊಂಟ ಹಿಡಿದುಕೊಂಡ. "ಅಯ್ಯೋ, ಬೆನ್ನು ಹೋಯ್ತು! ನಿಂತೋರಿಗೆ ಇದು ಆಗೋದಲ್ಲ ಅತ್ತೆ."

"ಕುರ್ಚಿ ತಂದ್ಕೋ."

ಅವನು ಅಡುಗೆಮನೆಯ ಕುರ್ಚಿ ಎಳೆದು ತಂದು ಅವಳ ಪಕ್ಕದಲ್ಲಿ ಕೂತ. ಜಾಲರಿ ಅವನ ಕೈಗೂ ಸರಿಯಾಗಿ ಎಟುಕಿತು. ಮುಖ ಅರಳಿಸಿಕೊಂಡು, ಇಕ್ಕಳಕ್ಕೆಂದು ಕೈ ಚಾಚಿದ.

ಸೌಟಕ್ಕ ಇಕ್ಕಳವನ್ನು ಇನ್ನೊಂದು ಕೈಗೆ ದಾಟಿಸಿದಳು.

"ಕೂತ್ಕೋ ಅಂದೆ. ಸುಡು ಅನ್ನಲಿಲ್ಲ."